ನಂಬಿಗಸ್ತನಾದ ಸಾಕ್ಷಿ: ಮೈಕಲ್ ಫ್ಯಾರಡೆಯ ಜೀವನ ವೃತ್ತಾಂತ

ಕಂಡದ್ದನ್ನು ಕಂಡಂತೆಯೇ ಹೇಳುವದು ಸಾಕ್ಷಿಯ ಧರ್ಮವಾಗಿದೆ. ಕಂಡದ್ದಕ್ಕೆ ಒಂದು ಮಾತನ್ನು ಕೂಡಿಸುವವನೂ ಅದರೊಳಗಿಂದ ಒಂದು ಮಾತನ್ನು ಕಳೆಯುವವನೂ ನ್ಯಾಯಸ್ಥಾನದಲ್ಲಾಗಲಿ ಸಭೆಯಲ್ಲಾಗಲಿ ನಂಬಿಕೆಗೆ ಯೋಗ್ಯನಾಗುವದಿಲ್ಲ. ಈ ಧರ್ಮವನ್ನು ದೇವಾಲಯದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಒಂದೇ ಸಮನಾಗಿ ನಡಿಸಿದ ಒಬ್ಬ ಭಕ್ತನ ಚರಿತ್ರೆಯನ್ನು ನಮ್ಮ ಗ್ರಾಮಸಭೆಗಳ ವಾಚಕರ ಮುಂದೆ ಈ ತಿಂಗಳು ಇಡುತ್ತೇವೆ. ಅವನ ಹೆಸರು ಮೈಕಲ್ ಫ್ಯಾರಡೆ. ಅವನು ಕಾಲವಾಗಿ ನೂರೈವತ್ತು ವರುಷಗಳಿಗೆ ಮೀರಿದವು.

ಲಂಡನ್ ಪಟ್ಟಣದ ಒಬ್ಬ ಮನುಷ್ಯನಿಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ತಂತಿಗಳ ಮೂಲಕ ತೊಂಬತ್ತು ಮೈಲಿಗೂ ದೂರವಾದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳೂ 1908ರಲ್ಲಿ ಮೈಸೂರಿನ ಬೀದಿಗಳೂ ಅದರ ಬೆಳಕನ್ನು ಕಂಡವು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯಲ್ಲಿರುವ ಮಂಡಕಳ್ಳಿಯಲ್ಲಿ 2010ರಲ್ಲಿ ತೆರೆದ ವಿಮಾನ ನಿಲ್ದಾಣದ ದೀಪಗಳೂ, ಅದರ ಸುತ್ತಲಿನ ಹಳ್ಳಿಗಳಲ್ಲಿ ಬಾವಿಯ ನೀರನ್ನು ಎತ್ತುವ ಪಂಪುಗಳೂ ಇದೇ ಶಕ್ತಿಯಿಂದ ನಡೆಯುತ್ತವೆ. ನೀರಿನ ರಭಸದಿಂದ ಚಕ್ರವು ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುವದೆಂಬ ಈ ಕಾರ್ಯದ ಮೂಲತತ್ವವನ್ನು ಕಂಡವನು ಫ್ಯಾರಡೆಯೇ. ಇದನ್ನು ಶಾಲೆಯ ಮಕ್ಕಳು ಬಲ್ಲರು. ಆದರೆ ಅದೇ ವರುಷದಲ್ಲಿ ಅವನು ಒಂದು ತೆಳುವಾದ ನೀರಿನ ಪದರದ ಮೇಲೆ ಕಂಡ ನಿರಿಗೆಗಳ ವಿಷಯವನ್ನು ಬಲ್ಲವರು ಸ್ವಲ್ಪ ಮಂದಿ. ಆ ಅಲ್ಪಕಾರ್ಯವು ನಮ್ಮ ಕಾಲದಲ್ಲಿ ಎಂಥ ಫಲವನ್ನು ಕೊಟ್ಟಿತೆಂಬದನ್ನೂ ಹೇಳಬೇಕೆಂದಿದ್ದೇವೆ.

1. ಬಾಲ್ಯವೂ ಬಡತನವೂ

ಮೈಕಲನು 1791ನೆಯ ಸೆಪ್ಟೆಂಬರ್ 22ರಲ್ಲಿ ಲಂಡನ್ನಿನ ದಕ್ಷಿಣ ದಿಕ್ಕಿನಲ್ಲಿರುವ ನ್ಯೂವಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆಯಾದ ಜೇಮ್ಸನು ಕಮ್ಮಾರನು. ಉತ್ತರ ದೇಶದಿಂದ ಹೊಟ್ಟೆಯ ಪಾಡಿಗಾಗಿ ಪಟ್ಟಣಕ್ಕೆ ಬಂದವನು. ಅವನ ದೇಹವು ರೋಗಿಷ್ಠವಾಗಿದ್ದದರಿಂದ ಕುಲುಮೆಯ ಕೆಲಸವು ಪ್ರತಿದಿನವೂ ನಡೆಯಲಾರದೆ ಹೋಯಿತು. 1801ರಲ್ಲಿ ಧಾನ್ಯದ ಬೆಲೆಯು ಬಹಳವಾಗಿ ಏರಿದಾಗ ಮೈಕಲನಿಗೆ ವಾರಕ್ಕೆ ಒಂದು ರೊಟ್ಟಿಯು ಕೊಡಲ್ಪಡುತ್ತಿತ್ತೆಂದೂ ಅದನ್ನೇ ಅವನು ಏಳು ದಿನಗಳಿಗೆ ಹಂಚಿಕೊಳ್ಳಬೇಕಾಗಿತ್ತೆಂದೂ ಅವನ ಚರಿತ್ರೆಯಲ್ಲಿ ಬರೆದಿದೆ. ಬರಗಾಲದಲ್ಲಿ ಗಂಜಿಯನ್ನು ಅಳೆದು ಕುಡಿದ ಹಿರಿಯರ ಮಾತನ್ನು ಕೇಳಿರುವ ನಮ್ಮ ಜನರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದರೆ ಆ ಮನೆಯಲ್ಲಿ ರೊಟ್ಟಿಗೆ ಬಡತನವಿದ್ದರೂ ವಾಕ್ಯಕ್ಕೆ ಬಡತನವಿರಲಿಲ್ಲ. ತಂದೆಯು ಸ್ಯಾಂಡೆಮನ್ ಸಭೆಯೆಂಬ ಚಿಕ್ಕ ಪ್ರೊಟೆಸ್ಟೆಂಟ್ ಸಭೆಗೆ ಸೇರಿದವನಾಗಿದ್ದನು. ಸ್ಕಾಟ್ಲೆಂಡಿನ ಜಾನ್ ಗ್ಲಾಸ್ ಎಂಬ ಬೋಧಕನಿಂದ ಆರಂಭವಾಗಿ ಅವನ ಅಳಿಯನಾದ ರಾಬರ್ಟ್ ಸ್ಯಾಂಡೆಮನ್ನನಿಂದ ಹಬ್ಬಿದ ಈ ಸಭೆಯವರು ಸತ್ಯವೇದವನ್ನೇ ಏಕಪ್ರಮಾಣವಾಗಿ ಹಿಡಿದು, ಸಂಬಳದ ಬೋಧಕರನ್ನು ಇಟ್ಟುಕೊಳ್ಳದೆ, ತಮ್ಮೊಳಗಿಂದಲೇ ಹಿರಿಯರನ್ನು ಆರಿಸಿಕೊಂಡು, ಕರ್ತನ ದಿನದಲ್ಲಿ ಎಲ್ಲರೂ ಕೂಡಿ ಪ್ರೀತಿಭೋಜನ ಮಾಡುತ್ತಿದ್ದರು. ಹಣವನ್ನು ಕೂಡಿಸಿಟ್ಟುಕೊಳ್ಳುವದು ಅವರಲ್ಲಿ ತಪ್ಪೆಂದು ಎಣಿಸಲ್ಪಡುತ್ತಿತ್ತು. ಮೈಕಲನು ತನ್ನ ಮರಣದ ತನಕ ಈ ಸಭೆಯನ್ನು ಬಿಡಲಿಲ್ಲ.

2. ರಟ್ಟು ಕಟ್ಟುವ ಹುಡುಗನು

ಓದು ಬರಹ ಲೆಕ್ಕಗಳ ಆರಂಭವಲ್ಲದೆ ಬೇರೆ ಶಾಲಾವಿದ್ಯೆಯು ಅವನಿಗೆ ದೊರೆಯಲಿಲ್ಲ. 1804ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಸಮಾಚಾರ ಪತ್ರಿಕೆಗಳನ್ನು ಮನೆಮನೆಗೆ ಕೊಂಡೊಯ್ಯುವ ಕೆಲಸಕ್ಕೆ ಸೇರಿದನು. ಮರುವರುಷ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿಯುವದಕ್ಕಾಗಿ ಏಳು ವರುಷಗಳ ಕರಾರಿಗೆ ಒಳಪಟ್ಟನು. ಹುಡುಗನು ನಂಬಿಗಸ್ತನಾಗಿ ನಡೆದುಕೊಂಡದ್ದನ್ನು ಯಜಮಾನನು ನೋಡಿದ್ದದರಿಂದ ವಾಡಿಕೆಯ ಕಾಣಿಕೆಯ ಹಣವನ್ನು ಕೇಳದೆ ಅವನನ್ನು ಸೇರಿಸಿಕೊಂಡನು.

ಕೈಯಲ್ಲಿ ದಾರವೂ ಸೂಜಿಯೂ ಇರುವಾಗ ಕಣ್ಣಿನ ಮುಂದೆ ಹಾಳೆಗಳಿದ್ದವು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಅವನು ಓದಿದನು. ಕೀರ್ತನೆಗಳನ್ನು ಬರೆದ ಭಕ್ತನೆಂದು ನಮ್ಮ ಸಭೆಗಳು ಬಲ್ಲ ಐಸಾಕ್ ವಾಟ್ಸನು ಮನಸ್ಸನ್ನು ತಿದ್ದಿಕೊಳ್ಳುವ ವಿಷಯವಾಗಿಯೂ ಒಂದು ಪುಸ್ತಕವನ್ನು ರಚಿಸಿದ್ದನು. ಆ ಪುಸ್ತಕವು ಈ ಹುಡುಗನಿಗೆ ಗುರುವಾಯಿತು. ಓದಿದ್ದನ್ನು ಬರೆದಿಡುವದು, ಕೇಳಿದ್ದನ್ನು ಪರೀಕ್ಷಿಸುವದು, ಪೂರಾ ತಿಳಿಯುವದಕ್ಕೆ ಮುಂಚೆ ತೀರ್ಮಾನ ಮಾಡದಿರುವದು ಎಂಬ ಅಭ್ಯಾಸಗಳು ಅವನಿಗೆ ಅಲ್ಲಿಂದ ಬಂದವು. ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ಬರೆದ ಮಾರ್ಸೆಟ್ ಅಮ್ಮನವರ ಗ್ರಂಥವನ್ನು ಓದಿದಾಗ, ಅದರಲ್ಲಿ ಹೇಳಿದ್ದನ್ನು ತನ್ನ ಅಲ್ಪ ಹಣದಿಂದ ಆದಷ್ಟು ಮಾಡಿ ನೋಡಿ, ನಿಜವೆಂದು ಕಂಡ ಬಳಿಕವೇ ನಂಬಿದನು. ಸಾಯಂಕಾಲದಲ್ಲಿ ನಡೆಯುವ ಉಪನ್ಯಾಸಗಳಿಗೆ ತಲಾ ಒಂದು ಷಿಲ್ಲಿಂಗು ತೆರಬೇಕಾಗಿತ್ತು. ಕಮ್ಮಾರಿಕೆಯಲ್ಲಿದ್ದ ಅಣ್ಣನಾದ ರಾಬರ್ಟನು ತನ್ನ ದುಡಿಮೆಯಿಂದ ಅದನ್ನು ಕೊಟ್ಟನು. ತಮ್ಮನ ವಿದ್ಯೆಗಾಗಿ ಬೆವರು ಸುರಿಸಿದ ಈ ಅಣ್ಣನನ್ನು ನಾವು ಮರೆಯಬಾರದು.

3. ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಬಂದದ್ದು

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ದಯೆಯಿಂದ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿದ್ಯಾಲಯದಲ್ಲಿ ಹಂಫ್ರಿ ಡೇವಿಯೆಂಬ ಪ್ರಸಿದ್ಧ ಪಂಡಿತನ ನಾಲ್ಕು ಉಪನ್ಯಾಸಗಳನ್ನು ಕೇಳುವ ಚೀಟಿಗಳು ಸಿಕ್ಕಿದವು. ಕೇಳಿದ್ದನ್ನೆಲ್ಲ ಅಂದವಾಗಿ ಬರೆದು, ಚಿತ್ರಗಳನ್ನು ತೆಗೆದು, ತನ್ನ ಕೈಯಿಂದಲೇ ರಟ್ಟು ಕಟ್ಟಿ, ಆ ಪುಸ್ತಕವನ್ನು ಡೇವಿಗೆ ಕಳುಹಿಸಿ ಕೆಲಸವನ್ನು ಬೇಡಿದನು. 1813ನೆಯ ಮಾರ್ಚ್ ಒಂದನೆಯ ತಾರೀಖಿನಲ್ಲಿ ವಾರಕ್ಕೆ ಇಪ್ಪತ್ತೈದು ಷಿಲ್ಲಿಂಗುಗಳ ಸಂಬಳಕ್ಕೆ, ಮಾಳಿಗೆಯ ಮೇಲಿನ ಎರಡು ಕೋಣೆಗಳ ವಾಸದೊಂದಿಗೆ, ಪ್ರಯೋಗಶಾಲೆಯ ಸಹಾಯಕನಾಗಿ ನೇಮಿಸಲ್ಪಟ್ಟನು. ಅದೇ ಶರತ್ಕಾಲದಲ್ಲಿ ಡೇವಿಯ ಸಂಗಡ ಹೊರಟು ಯೂರೋಪಿನ ದೇಶಗಳನ್ನು ಸುತ್ತಿಬಂದನು. ಆ ಯಾತ್ರೆಯಲ್ಲಿ ಡೇವಿಯ ಪತ್ನಿಯು ಅವನನ್ನು ಮನೆಯ ಆಳಿನಂತೆ ಕಂಡದ್ದರಿಂದ ಅವನ ಮನಸ್ಸು ನೊಂದರೂ, ಕಲಿಯತಕ್ಕದ್ದನ್ನು ಕಲಿತೇ ಹಿಂದಿರುಗಿದನು.

1821ರಲ್ಲಿ ತನ್ನ ಸಭೆಯವಳೇ ಆದ ಸಾರಾ ಬರ್ನಾರ್ಡಳನ್ನು ಮದುವೆಯಾದನು. ಅವರಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಮರುತಿಂಗಳಲ್ಲಿ ಸಭೆಯ ಮುಂದೆ ನಿಂತು ತನ್ನ ಪಾಪವನ್ನೂ ವಿಶ್ವಾಸವನ್ನೂ ಅರಿಕೆಮಾಡಿ ಪೂರ್ಣ ಸದಸ್ಯನಾದನು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1825ರಲ್ಲಿ ಪ್ರಯೋಗಶಾಲೆಯ ಮೇಲ್ವಿಚಾರಣೆಯೂ ಅವನಿಗೆ ದೊರೆತವು. ಬೆನ್ಜೀನ್ ಎಂಬ ದ್ರವವನ್ನು ಕಂಡದ್ದೂ ಆ ವರುಷವೇ.

4. ಅದುರುವ ತಟ್ಟೆಯೂ ನೀರಿನ ನಿರಿಗೆಗಳೂ

1831ನೆಯ ವರುಷವು ಅವನ ಆಯುಷ್ಯದಲ್ಲಿ ಮಹಾಫಲದ ವರುಷವು. ಆಗಸ್ಟ್ 29ರಲ್ಲಿ ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಗಳನ್ನು ಬೇರೆಬೇರೆಯಾಗಿ ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಬಿಡುವಾಗಲೂ ನಿಲ್ಲಿಸುವಾಗಲೂ ಮತ್ತೊಂದರಲ್ಲಿ ವಿದ್ಯುತ್ತು ಕ್ಷಣಕಾಲ ಹುಟ್ಟುವದನ್ನು ಕಂಡನು. ಕೆಲವು ವಾರಗಳಲ್ಲಿ ಅಯಸ್ಕಾಂತವನ್ನು ತಂತಿಯ ಸುರುಳಿಯೊಳಗೆ ತಳ್ಳಿಯೂ ಅದೇ ಫಲವನ್ನು ಪಡೆದನು. ಶಿವನಸಮುದ್ರದ ಚಕ್ರಗಳಿಗೆ ಬೀಜವು ಇದೇ.

ಇದಕ್ಕೆ ಕೆಲವು ತಿಂಗಳುಗಳ ಮುಂಚೆ ಅವನು ಮತ್ತೊಂದು ಪರೀಕ್ಷೆಯಲ್ಲಿ ತೊಡಗಿದ್ದನು. ತೆಳುವಾದ ತಟ್ಟೆಯ ಮೇಲೆ ಮರಳನ್ನು ಚೆಲ್ಲಿ ಅದರ ಅಂಚನ್ನು ಪಿಟೀಲಿನ ಕಮಾನಿನಿಂದ ತೀಡಿದರೆ, ಮರಳು ಹಾರಿ ಹೋಗಿ, ತಟ್ಟೆಯು ಅದುರದೆ ಇರುವ ಗೆರೆಗಳ ಮೇಲೆ ನಿಂತು, ರಂಗವಲ್ಲಿಯಂತೆ ಚಿತ್ರಗಳಾಗುವದು. ಇದನ್ನು ಜರ್ಮನಿಯ ಕ್ಲಾಡ್ನಿಯೆಂಬವನು ಮುಂಚೆಯೇ ತೋರಿಸಿದ್ದನು. ಆದರೆ ಅತಿ ನುಣುಪಾದ ಪುಡಿಯನ್ನು ಚೆಲ್ಲಿದರೆ ಅದು ಗೆರೆಗಳಿಗೆ ಹೋಗದೆ, ತಟ್ಟೆಯು ಹೆಚ್ಚಾಗಿ ಅದುರುವ ಸ್ಥಳಗಳಲ್ಲಿಯೇ ಗುಂಪುಗೂಡುವದು. ಇದಕ್ಕೆ ಫ್ರಾನ್ಸಿನ ಒಬ್ಬ ಪಂಡಿತನು ಬೇರೆ ಕಾರಣವನ್ನು ಊಹಿಸಿದ್ದನು. ಫ್ಯಾರಡೆಯು ಊಹೆಗೆ ಊಹೆಯನ್ನು ಎದುರಿಡದೆ, ತಟ್ಟೆಯನ್ನು ಗಾಜಿನ ಪಾತ್ರೆಯೊಳಗಿಟ್ಟು ಅದರೊಳಗಿನ ಗಾಳಿಯನ್ನು ತೆಗೆದುಹಾಕಿದನು. ಆಗ ನುಣುಪಾದ ಪುಡಿಯೂ ಮರಳಿನಂತೆಯೇ ಗೆರೆಗಳಿಗೆ ಹೋಯಿತು. ತಟ್ಟೆಯ ಅದುರಾಟದಿಂದ ಹುಟ್ಟುವ ಸಣ್ಣ ಗಾಳಿಯೇ ಪುಡಿಯನ್ನು ಕೊಂಡೊಯ್ಯುತ್ತಿತ್ತೆಂದು ಹೀಗೆ ಸ್ಥಿರವಾಯಿತು.

ಅನಂತರ ತಟ್ಟೆಯ ಮೇಲೆ ನೀರನ್ನು ತೆಳುವಾಗಿ ಹರಡಿ ಅದುರಿಸಿದನು. ಗಿರಣಿಯ ಯಂತ್ರವು ಓಡುತ್ತಿರುವಾಗ ಅದರ ಬಳಿಯಲ್ಲಿಟ್ಟ ಚೊಂಬಿನ ನೀರು ನಡುಗಿ ನಿರಿಗೆಗಟ್ಟುವದನ್ನು ನಮ್ಮ ವಾಚಕರು ನೋಡಿರಬಹುದು. ಅಂಥ ನಿರಿಗೆಗಳೇ ಅಲ್ಲಿಯೂ ಎದ್ದು, ಚದುರಂಗದ ಹಲಗೆಯ ಮನೆಗಳಂತೆ ಸಾಲುಸಾಲಾಗಿ ನಿಂತವು. ಅವನು ಅವುಗಳನ್ನು ಬಹು ತಾಳ್ಮೆಯಿಂದ ನೋಡಿ ಒಂದು ಸೂಕ್ಷ್ಮವನ್ನು ಕಂಡನು. ದಿಬ್ಬವಿದ್ದಲ್ಲಿ ತಗ್ಗೂ ತಗ್ಗಿದ್ದಲ್ಲಿ ದಿಬ್ಬವೂ ಬಂದು ಮತ್ತೆ ಮೊದಲಿನಂತಾಗುವಷ್ಟರಲ್ಲಿ ತಟ್ಟೆಯು ಎರಡು ಸಾರಿ ಅದುರುತ್ತದೆ. ಅಂದರೆ ತಟ್ಟೆಯ ಎರಡು ಅದುರಿಗೆ ನೀರಿನದು ಒಂದೇ. ಜೋಕಾಲಿಯಲ್ಲಿ ನಿಂತು ಆಡುವ ಹುಡುಗನನ್ನು ನೋಡಿದರೆ ಇದು ತಿಳಿಯುವದು. ಜೋಕಾಲಿಯು ಒಂದು ಸಾರಿ ಹೋಗಿ ಬರುವಷ್ಟರಲ್ಲಿ ಅವನು ಎರಡು ಸಾರಿ ಕುಕ್ಕರಿಸಿ ಎರಡು ಸಾರಿ ಏಳುತ್ತಾನೆ. ಹಾಗೆ ಮಾಡಿದರೇ ಅದು ಏರುತ್ತಾ ಹೋಗುವದು.

ಫ್ಯಾರಡೆಯು ಕಂಡದ್ದನ್ನು ಬರೆದಿಟ್ಟು ಮುಂದಿನ ಕೆಲಸಕ್ಕೆ ಹೋದನು. ಅವನು ಸತ್ತ ಮರುವರುಷ, 1868ರಲ್ಲಿ, ಜರ್ಮನಿಯ ಮ್ಯಾಥಿಸೆನ್ ಎಂಬ ಪಂಡಿತನು ಅದೇ ಪರೀಕ್ಷೆಯನ್ನು ಮಾಡಿ, ನೀರೂ ತಟ್ಟೆಯೂ ಸಮಸಮವಾಗಿಯೇ ಅದುರುತ್ತವೆಂದು ಪ್ರಕಟಿಸಿದನು. ಫ್ಯಾರಡೆಯು ಉತ್ತರ ಕೊಡಲು ಬದುಕಿರಲಿಲ್ಲ. ಆದರೆ 1883ರಲ್ಲಿ ರ್‍ಯಾಲೆ ಪ್ರಭುವು ಪುನಃ ಪರೀಕ್ಷಿಸಿ, ಫ್ಯಾರಡೆಯು ಬರೆದದ್ದೇ ಸರಿಯೆಂದು ಕಂಡನು. ಕಂಡವನು ಮಣ್ಣಿಗೆ ಸೇರಿದ್ದರೂ ಅವನ ಸಾಕ್ಷಿಯು ನಿಂತಿತು. ಈಗ ಲೋಕವೆಲ್ಲ ಆ ನಿರಿಗೆಗಳನ್ನು ಫ್ಯಾರಡೆಯ ಅಲೆಗಳೆಂದೇ ಕರೆಯುತ್ತದೆ.

5. ಅಲೆಯ ಮೇಲೆ ನಡೆಯುವ ಹನಿ

ಈ ಅಲೆಗಳ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪಂಡಿತರು ಅಣುವಿಗಿಂತಲೂ ಚಿಕ್ಕದಾದ ಕಣಗಳನ್ನು ಪರೀಕ್ಷಿಸಿದಾಗ ಒಂದು ಗೂಢವಾದ ನಡತೆಯನ್ನು ಕಂಡರು. ಕೆರೆಯ ಏರಿಯಲ್ಲಿ ಎರಡು ತೂಬುಗಳಿವೆಯೆಂದೆಣಿಸಿರಿ. ಅಲೆಯು ಎರಡರೊಳಗಿಂದಲೂ ಹಾದು, ಆಚೆಯಲ್ಲಿ ಎರಡು ಪಾಲುಗಳೂ ಕೂಡಿ, ಕೆಲವೆಡೆ ಏರಿ ಕೆಲವೆಡೆ ಅಡಗಿ ಪಟ್ಟೆಪಟ್ಟೆಯಾಗುವದು. ಆದರೆ ಎಸೆದ ಕಲ್ಲು ಒಂದೇ ತೂಬಿನಿಂದ ಹಾದು ಒಂದೇ ಕಡೆ ಬೀಳುವದು. ಎಲೆಕ್ಟ್ರಾನ್ ಎಂಬ ಕಣವಾದರೋ, ಒಂದೊಂದಾಗಿ ಎರಡು ಸೀಳುಗಳ ಕಡೆಗೆ ಕಳುಹಿಸಲ್ಪಟ್ಟರೂ, ಕಲ್ಲಿನಂತೆ ಒಂದೊಂದೇ ಗುರುತನ್ನು ಮಾಡಿ, ಅನೇಕ ಗುರುತುಗಳು ಕೂಡಿದ ಮೇಲೆ ಅಲೆಯ ಪಟ್ಟೆಗಳನ್ನು ತೋರಿಸುತ್ತದೆ. ಕಣಗಳ ಇಂಥ ನಡತೆಯನ್ನು ವಿವರಿಸುವ ವಿದ್ಯೆಗೆ ಕ್ವಾಂಟಮ್ ಶಾಸ್ತ್ರವೆಂದು ಹೆಸರು. 1927ರಲ್ಲಿ ಫ್ರಾನ್ಸಿನ ಲೂಯಿ ದ ಬ್ರಾಯ್ ಎಂಬವನು, ಕಣಕ್ಕೆ ಒಂದು ಅಲೆಯು ದಾರಿ ತೋರಿಸುತ್ತಿರಬಹುದೆಂದು ಹೇಳಿದನು. ಬಹುಮಂದಿ ಅದನ್ನು ಅಂಗೀಕರಿಸಲಿಲ್ಲ. 1952ರಲ್ಲಿ ಡೇವಿಡ್ ಬೋಮನು ಅಂಥದೇ ಆಲೋಚನೆಯನ್ನು ತಿರಿಗಿ ಎತ್ತಿದನು.

2005ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಈವ್ ಕುದೇರನೂ ಎಮ್ಮಾನ್ಯುಯೆಲ್ ಫೋರನೂ ಅವರ ಜೊತೆಗಾರರೂ ಒಂದು ಹೊಸ ಸಂಗತಿಯನ್ನು ಪ್ರಕಟಿಸಿದರು. ಸಿಲಿಕೋನ್ ಎಣ್ಣೆಯಿರುವ ತಟ್ಟೆಯನ್ನು ಕ್ಷಣವೊಂದಕ್ಕೆ ಹಲವು ಹತ್ತು ಸಾರಿ ಮೇಲಕ್ಕೂ ಕೆಳಕ್ಕೂ ಅದುರಿಸಿ, ಫ್ಯಾರಡೆಯ ಅಲೆಗಳು ತಾವಾಗಿ ಏಳುವದಕ್ಕೆ ಸ್ವಲ್ಪವೇ ಕಡಿಮೆಯಾಗಿ ನಿಲ್ಲಿಸಿ, ಸಾಸಿವೆಕಾಳಿಗಿಂತಲೂ ಚಿಕ್ಕದಾದ ಅದೇ ಎಣ್ಣೆಯ ಹನಿಯನ್ನು ಅದರ ಮೇಲೆ ಬಿಟ್ಟರು. ಹನಿಯು ಎಣ್ಣೆಯಲ್ಲಿ ಬೆರೆಯಲಿಲ್ಲ. ಯಾಕಂದರೆ ಹನಿಗೂ ಎಣ್ಣೆಗೂ ನಡುವೆ ತೆಳುವಾದ ಗಾಳಿಯ ಪದರವು ಸಿಕ್ಕಿಕೊಳ್ಳುತ್ತದೆ. ಅದು ಹೊರಟುಹೋಗುವ ಮುಂಚೆಯೇ ತಟ್ಟೆಯು ಹನಿಯನ್ನು ಮೇಲಕ್ಕೆ ಎಸೆದುಬಿಡುತ್ತದೆ. ಹನಿಯು ಬಿದ್ದಲ್ಲೆಲ್ಲ ಚಿಕ್ಕ ಅಲೆಯು ಏಳುವದು. ಮುಂದಿನ ಸಾರಿ ಅದು ತಾನೇ ಎಬ್ಬಿಸಿದ ಅಲೆಯ ಇಳಿಜಾರಿನ ಮೇಲೆ ಬೀಳುವದು. ಇಳಿಜಾರು ಅದನ್ನು ಮುಂದಕ್ಕೆ ತಳ್ಳುವದು. ಹೀಗೆ ಹನಿಯು ತನ್ನ ಅಲೆಯ ಮೇಲೆ ಸವಾರಿಮಾಡುತ್ತಾ ನಡೆಯುವದು. ತಟ್ಟೆಯ ಎರಡು ಅದುರಿಗೆ ಹನಿಯು ಒಂದೇ ಸಾರಿ ನೆಗೆಯುವದು. ಇದು ಫ್ಯಾರಡೆಯು ಕಂಡ ಲೆಕ್ಕವೇ. ಹಿಂದೆ ಎಬ್ಬಿಸಿದ ಅಲೆಗಳು ಕೂಡಲೇ ಅಳಿಯದೆ ಸ್ವಲ್ಪಕಾಲ ನಿಲ್ಲುವದರಿಂದ, ಹನಿಯು ನಡೆದ ದಾರಿಯ ನೆನಪು ಎಣ್ಣೆಯಲ್ಲಿ ಉಳಿದಂತಾಗುವದು.

ಈ ನೆನಪಿನ ಬಲದಿಂದ ಹನಿಯು ಕ್ವಾಂಟಮ್ ಕಣವನ್ನು ಹೋಲುವ ಕೆಲವು ಕೆಲಸಗಳನ್ನು ಮಾಡಿತು. ತಟ್ಟೆಯನ್ನು ತಿರುಗಿಸಿದಾಗ ಹನಿಯು ಸುತ್ತುವ ವೃತ್ತವು ಇಷ್ಟಬಂದ ಅಳತೆಯದಾಗದೆ, ಏಣಿಯ ಮೆಟ್ಟಲುಗಳಂತೆ ಕೆಲವು ಅಳತೆಗಳಲ್ಲಿ ಮಾತ್ರ ನಿಂತದ್ದು 2010ರಲ್ಲಿ ತಿಳಿಸಲ್ಪಟ್ಟಿತು. ದುಂಡಾದ ದೊಡ್ಡಿಯೊಳಗೆ ಬಿಟ್ಟ ಹನಿಯು ದಿಕ್ಕುಗೆಟ್ಟಂತೆ ಅಲೆದರೂ, ಅದು ಇದ್ದ ಸ್ಥಳಗಳನ್ನೆಲ್ಲ ಎಣಿಸಿದರೆ ಬಳೆಬಳೆಯಾದ ಚಿತ್ರವು ಬರುವದೆಂದು 2013ರಲ್ಲಿ ಅಮೆರಿಕದ ಜಾನ್ ಬುಷನೂ ಅವನ ಸಂಗಡಿಗರೂ ಪ್ಯಾರಿಸಿನವರೊಡನೆ ಕೂಡಿ ತೋರಿಸಿದರು.

6. ಹೋಲಿಕೆಯು ಪ್ರಮಾಣವಲ್ಲ

ಇಲ್ಲಿ ವಾಚಕರು ಜಾಗ್ರತೆಯಿಂದ ಗಮನಿಸಬೇಕು. ಎರಡು ಸೀಳುಗಳ ಪರೀಕ್ಷೆಯಲ್ಲಿಯೂ ಹನಿಗಳು ಎಲೆಕ್ಟ್ರಾನುಗಳಂತೆ ಪಟ್ಟೆಗಳನ್ನು ಮಾಡಿದವೆಂದು 2006ರಲ್ಲಿ ಕುದೇರನೂ ಫೋರನೂ ಪ್ರಕಟಿಸಿದ್ದರು. ಕೇಳಿದವರಲ್ಲಿ ಹಲವರು, ಸೃಷ್ಟಿಯ ಗುಟ್ಟು ಎಣ್ಣೆಯ ತಟ್ಟೆಯಲ್ಲಿ ಬಯಲಾಯಿತೋ ಎಂದು ಬೆರಗಾದರು. ಆದರೆ ಡೆನ್ಮಾರ್ಕಿನಲ್ಲಿ ಟೋಮಾಸ್ ಬೋರನೂ ಅವನ ಜೊತೆಗಾರರೂ ಅದನ್ನು ತಿರಿಗಿ ಮಾಡಿ ನೋಡಲು ಆ ಪಟ್ಟೆಗಳು ಕಾಣಲಿಲ್ಲ. ಅವರು 2015ರಲ್ಲಿ ಹಾಗೆಂದು ಬರೆದರು. ಈ ಟೋಮಾಸನು ಕ್ವಾಂಟಮ್ ಶಾಸ್ತ್ರದ ಹಿರಿಯನಾದ ನೀಲ್ಸ್ ಬೋರನ ಮೊಮ್ಮಗನು. 2018ರಲ್ಲಿ ಬುಷನ ಗುಂಪಿನವರೂ ಹೊರಗಿನ ಗಾಳಿಯು ತಾಕದಂತೆ ಎಚ್ಚರವಹಿಸಿ ಪರೀಕ್ಷಿಸಿ, ಮೊದಲು ಹೇಳಲ್ಪಟ್ಟ ಪಟ್ಟೆಗಳನ್ನು ಕಾಣದೆ, ಸೀಳಿನ ಅಂಚುಗಳೇ ಹನಿಯನ್ನು ಕೆಲವು ದಿಕ್ಕುಗಳಿಗೆ ತಿರುಗಿಸುತ್ತವೆಂದು ಕಂಡರು. 1831ರಲ್ಲಿ ಫ್ಯಾರಡೆಯ ಪುಡಿಯನ್ನು ಮೋಸಪಡಿಸಿದ್ದು ಕಾಣದ ಗಾಳಿಯೇ ಅಲ್ಲವೇ! ಅಂಥ ಗಾಳಿಯನ್ನು ಮರೆತರೆ ಇಂದಿಗೂ ಪಂಡಿತರು ತಪ್ಪುವರು.

ಆದಕಾರಣ ಹನಿಯು ಎಲೆಕ್ಟ್ರಾನನ್ನು ಕೆಲವು ಸಂಗತಿಗಳಲ್ಲಿ ಹೋಲುತ್ತದೆಂಬಷ್ಟೇ ನಿಜ; ಎಲೆಕ್ಟ್ರಾನು ಹೀಗೆಯೇ ನಡೆಯುತ್ತದೆಂಬದಕ್ಕೆ ಅದು ಪ್ರಮಾಣವಲ್ಲ. ಒಬ್ಬನು ಹೇಳಿದ್ದನ್ನು ಮತ್ತೊಬ್ಬನು ಪರೀಕ್ಷಿಸಿ ನಿರಾಕರಿಸಿದ್ದು ವಿದ್ಯೆಗೆ ನಾಚಿಕೆಯಲ್ಲ, ಅದರ ಆರೋಗ್ಯವೇ ಆಗಿದೆ.

ಇದರಲ್ಲಿ ಉಪದೇಶಿಗಳಾದ ನಮಗೂ ಒಂದು ಬುದ್ಧಿವಾದವುಂಟು. ಅಲೆಯ ಮೇಲೆ ನಡೆಯುವ ಹನಿಯ ಸಂಗತಿಯನ್ನು ಕೇಳಿದ ಕೂಡಲೇ ಗಲಿಲಾಯ ಸಮುದ್ರದ ಮೇಲೆ ನಡೆದ ಕರ್ತನನ್ನು ನೆನೆದು, ಇಗೋ ವಿದ್ವಾಂಸರೂ ಸತ್ಯವೇದವನ್ನು ಒಪ್ಪಿಕೊಂಡರೆಂದು ಸಾರುವದು ಸುಲಭ. ಅದು ಸುಲಭವಾದರೂ ಸತ್ಯವಲ್ಲ. ಹನಿಯು ನಡೆಯುವದು ಗಾಳಿಯ ಪದರದಿಂದಲೂ ತಟ್ಟೆಯ ಅದುರಿನಿಂದಲೂ. ಕರ್ತನು ನಡೆದದ್ದು ತನ್ನ ಅಧಿಕಾರದಿಂದ. ಸುಳ್ಳಾದ ಆಧಾರವನ್ನು ವಿಶ್ವಾಸದ ಕೆಳಗೆ ಇಟ್ಟರೆ, ಆ ಆಧಾರವು ಕುಸಿದ ದಿನ, ಕೇಳಿದ ಎಳೆಯ ಮನಸ್ಸುಗಳು ವಿಶ್ವಾಸವೂ ಕುಸಿಯಿತೆಂದು ತಿಳಿದುಕೊಳ್ಳುವವು. ಕಾಲೇಜಿಗೆ ಹೋದ ನಮ್ಮ ಮಕ್ಕಳಲ್ಲಿ ಕೆಲವರು ಸಭೆಯಿಂದ ದೂರವಾಗುವದಕ್ಕೆ ಇಂಥ ಉಪದೇಶವೂ ಒಂದು ಕಾರಣವೆಂದು ನಾವು ಎಣಿಸುತ್ತೇವೆ.

ಫ್ಯಾರಡೆಯು ಈ ವಿಷಯದಲ್ಲಿ ನಮಗಿಂತ ವಿವೇಕಿಯಾಗಿದ್ದನು. ಅವನು ತನ್ನ ಉಪನ್ಯಾಸಗಳಲ್ಲಿ ಪ್ರಕೃತಿಯ ಸಂಗತಿಗಳಿಂದ ಮತದ ವಾದಗಳನ್ನು ಕಟ್ಟಲಿಲ್ಲ. ಸಭೆಯಲ್ಲಿ ಪ್ರಸಂಗಿಸುವಾಗ ತನ್ನ ಪ್ರಯೋಗಗಳನ್ನು ಹೊಗಳಿಕೊಳ್ಳಲೂ ಇಲ್ಲ. ಸೃಷ್ಟಿಯು ದೇವರ ಕೈಕೆಲಸವೆಂದು ನಂಬಿದ್ದದರಿಂದಲೇ, ಅದರಲ್ಲಿ ಇಲ್ಲದ್ದನ್ನು ಇದೆಯೆಂದು ಬರೆಯಲು ಅವನು ಹೆದರಿದನು. 1832ರಿಂದ ದಿನಚರಿಯ ಕಂಡಿಕೆಗಳಿಗೆ ಅಂಕಿಗಳನ್ನು ಹಾಕುತ್ತಾ ಬಂದವನು ಕಡೆಗೆ 16,000ವನ್ನು ಮೀರಿದನು. ಅವುಗಳಲ್ಲಿ ಫಲಿಸದ ಪರೀಕ್ಷೆಗಳನ್ನೂ ಮುಚ್ಚಿಡದೆ ಬರೆದನು.

7. ತಿರುಗುವ ಮೇಜು

1853ರಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ಒಂದು ಹುಚ್ಚು ಹಬ್ಬಿತು. ಜನರು ಮೇಜಿನ ಸುತ್ತಲೂ ಕುಳಿತು ಅದರ ಮೇಲೆ ಕೈಗಳನ್ನಿಟ್ಟರೆ ಅದು ತಾನಾಗಿ ತಿರುಗುವದೆಂದೂ, ಸತ್ತವರ ಆತ್ಮಗಳು ಅದನ್ನು ತಿರುಗಿಸುತ್ತವೆಂದೂ ಹೇಳುತ್ತಿದ್ದರು. ಓದಿದವರೂ ನಂಬಿದರು. ಫ್ಯಾರಡೆಯು ಅವರನ್ನು ಬಯ್ಯಲಿಲ್ಲ, ಹಾಸ್ಯಮಾಡಲಿಲ್ಲ. ಕೈಗಳಿಗೂ ಮೇಜಿಗೂ ನಡುವೆ ಸುಲಭವಾಗಿ ಸರಿಯುವ ಹಲಗೆಗಳನ್ನಿಟ್ಟು, ಯಾವದು ಮೊದಲು ಸರಿಯುವದೆಂದು ತೋರಿಸುವ ಕಡ್ಡಿಯನ್ನು ಜೋಡಿಸಿದನು. ಮೇಜಿಗಿಂತ ಮೊದಲು ಕೈಗಳೇ ಸರಿದವು. ಕುಳಿತವರು ಮೋಸಗಾರರಾಗಿರಲಿಲ್ಲ, ತಾವು ತಳ್ಳುತ್ತಿರುವದು ಅವರಿಗೇ ತಿಳಿಯದಿತ್ತು. ಕಡ್ಡಿಯನ್ನು ಕಣ್ಣಿನ ಮುಂದಿಟ್ಟುಕೊಂಡು ಕುಳಿತಾಗ ಮೇಜು ತಿರುಗಲೇ ಇಲ್ಲ. ದೆವ್ವ, ಮಾಟ, ಶಕುನಗಳ ಭಯದಿಂದ ಬಿಡುಗಡೆಯಾಗಿ ಕರ್ತನ ಬಳಿಗೆ ಬಂದಿರುವ ನಾವು, ಮೈದುಂಬಿದವರ ಮುಂದೆ ನಿಂತಾಗ ಈ ಕಡ್ಡಿಯನ್ನು ನೆನೆಯುವದು ಒಳ್ಳೇದು.

8. ಅವನ ನಡತೆಯೂ ಸಭೆಯ ಶಿಸ್ತೂ

ಹಣವನ್ನು ಗಳಿಸುವ ದಾರಿಗಳು ಅವನಿಗೆ ತೆರೆದಿದ್ದವು. ಕಾರಖಾನೆಯವರಿಗೂ ವ್ಯಾಪಾರಿಗಳಿಗೂ ವಸ್ತುಗಳನ್ನು ಪರೀಕ್ಷಿಸಿ ಕೊಟ್ಟು 1830ರ ಸುಮಾರಿಗೆ ವರುಷಕ್ಕೆ ಸಾವಿರ ಪೌಂಡುಗಳ ತನಕ ಸಂಪಾದಿಸಿದವನು, ಶೋಧನೆಗೆ ಸಮಯವಿಲ್ಲದಂತಾಗುವದೆಂದು ಆ ಕೆಲಸವನ್ನು ಬಹಳ ಮಟ್ಟಿಗೆ ಬಿಟ್ಟು ಅಲ್ಪ ಸಂಬಳದಲ್ಲಿ ತೃಪ್ತನಾದನು. ಆದರೆ ಸಮುದ್ರಯಾತ್ರಿಗಳ ಪ್ರಾಣರಕ್ಷಣೆಗಾಗಿ 1836ರಿಂದ ಸುಮಾರು ಮೂವತ್ತು ವರುಷ ದೀಪಸ್ತಂಭಗಳಿಗೆ ಸಲಹೆಗಾರನಾಗಿ ಸೇವೆಮಾಡಿದನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯು ಬಂದಾಗ ಅದನ್ನು ಒಲ್ಲೆನೆಂದನು. ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗಾಗಿ ಹತ್ತೊಂಬತ್ತು ವರುಷಗಳ ಉಪನ್ಯಾಸಗಳನ್ನು ಮಾಡಿದನು; 1860ರ ಕಡೆಯಲ್ಲಿ ಆರಂಭವಾದ ಕಡೆಯ ಸರಣಿಯಲ್ಲಿ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡೇ ರಸಾಯನಶಾಸ್ತ್ರವನ್ನು ಕಲಿಸಿದನು.

1840ರಲ್ಲಿ ಸಭೆಯವರು ಅವನನ್ನು ಹಿರಿಯನನ್ನಾಗಿ ಆರಿಸಿದರು. ಯೂರೋಪೆಲ್ಲ ಹೊಗಳಿದ ಈ ಪಂಡಿತನು ಬಡವರ ಮನೆಗಳಿಗೆ ಹೋಗಿ ರೋಗಿಗಳ ಬಳಿಯಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದನು. ಅವನ ಪ್ರಸಂಗಗಳು ಬಹಳ ಮಟ್ಟಿಗೆ ವೇದವಾಕ್ಯಗಳನ್ನೇ ಒಂದಕ್ಕೊಂದು ಪೋಣಿಸಿದವುಗಳಾಗಿದ್ದವು. 1844ರಲ್ಲಿ ಒಂದು ಕಠಿಣ ಶೋಧನೆಯು ಬಂತು. ಸಭೆಯವರು ಅವನನ್ನೂ ಇನ್ನನೇಕರನ್ನೂ ಅನ್ಯೋನ್ಯತೆಯಿಂದ ಹೊರಗಿಟ್ಟರು. ಭಾನುವಾರದಲ್ಲಿ ಅವನು ರಾಣಿಯ ಭೋಜನಕ್ಕೆ ಹೋದದ್ದೇ ಇದಕ್ಕೆ ಕಾರಣವೆಂಬ ಕಥೆಯು ಬಹುಕಾಲ ಹರಡಿತ್ತು. ಆದರೆ ಆ ಸಭೆಯ ಚರಿತ್ರೆಯನ್ನು ಶೋಧಿಸಿದವರು, ಶಿಸ್ತಿನ ವಿಷಯವಾಗಿ ಸಭೆಯೊಳಗೇ ಎದ್ದ ವಿವಾದವನ್ನು ಕಾರಣವಾಗಿ ಹೇಳುತ್ತಾರೆ. ರುಚಿಯಾದ ಕಥೆಯನ್ನು ಬಿಟ್ಟು ಆಧಾರವುಳ್ಳದ್ದನ್ನು ಹಿಡಿಯುವದು ನಮಗೆ ಯೋಗ್ಯ. ಅವನು ಕೋಪಗೊಂಡು ಬೇರೆ ಸಭೆಯನ್ನು ಹುಡುಕಲಿಲ್ಲ, ತನ್ನ ಕೀರ್ತಿಯನ್ನು ಎತ್ತಿ ಆಡಲಿಲ್ಲ. ತಗ್ಗಿಸಿಕೊಂಡು ಕಾದನು; ಕೆಲವು ವಾರಗಳಲ್ಲಿ ತಿರಿಗಿ ಸೇರಿಸಲ್ಪಟ್ಟನು. ಹಿರಿಯನ ಪದವಿಯಾದರೋ 1860ರ ವರೆಗೂ ಅವನಿಗೆ ಹಿಂದಿರುಗಲಿಲ್ಲ. ಹದಿನಾರು ವರುಷ ಸಾಮಾನ್ಯ ಸದಸ್ಯರ ಪೀಠದಲ್ಲಿ ಕುಳಿತುಕೊಂಡನು. ಒಂದು ಮಾತಿಗೆ ಮುನಿದು ಸಭೆಯನ್ನು ಬಿಟ್ಟು ಬೇರೆಡೆಗೆ ಹೋಗುವವರು ನಮ್ಮಲ್ಲಿಯೂ ಇಲ್ಲವೇ?

ಆ ಅವಮಾನದ ಮರುವರುಷವೇ, 1845ರಲ್ಲಿ, ಅಯಸ್ಕಾಂತದ ಬಲವು ಬೆಳಕಿನ ಮೇಲೆಯೂ ನಡೆಯುವದೆಂಬ ಮಹಾ ಸಂಗತಿಯನ್ನು ಅವನು ಕಂಡನು. ಗಣಿತವನ್ನು ಕಲಿಯದ ಇವನ ಆಲೋಚನೆಗಳನ್ನು ಮ್ಯಾಕ್ಸ್‌ವೆಲ್ ಎಂಬ ಮತ್ತೊಬ್ಬ ದೈವಭಕ್ತನು ಗಣಿತದ ಭಾಷೆಯಲ್ಲಿ ಬರೆದನು.

9. ಅವನ ಅಂತ್ಯವು

1839ರ ಕಡೆಯಿಂದಲೇ ಅವನ ಆರೋಗ್ಯವು ಕೆಟ್ಟು, ಜ್ಞಾಪಕಶಕ್ತಿಯು ಕ್ಷೀಣಿಸತೊಡಗಿತ್ತು. ಕಂಡದ್ದನ್ನು ಮರೆಯುವ ಭಯವಿದ್ದದರಿಂದ ಬರೆದಿಡುವದರಲ್ಲಿ ಇನ್ನೂ ಜಾಗ್ರತನಾದನು. 1858ರಲ್ಲಿ ರಾಣಿಯು ಹ್ಯಾಂಪ್ಟನ್ ಕೋರ್ಟ್ ಎಂಬಲ್ಲಿ ವಾಸಕ್ಕೆ ಮನೆಯನ್ನು ಕೊಟ್ಟಳು. ಅಲ್ಲಿಯೇ 1867ನೆಯ ಆಗಸ್ಟ್ 25ರಲ್ಲಿ, ತನ್ನ ಕುರ್ಚಿಯಲ್ಲಿ ಕುಳಿತಿದ್ದಾಗಲೇ, ಶಾಂತನಾಗಿ ಪ್ರಾಣಬಿಟ್ಟನು. ರಾಜರೂ ಮಹಾಪುರುಷರೂ ಹೂಣಲ್ಪಡುವ ದೇವಾಲಯದಲ್ಲಿ ಅವನ ದೇಹವು ಇಡಲ್ಪಡಲಿಲ್ಲ. ಹೈಗೇಟ್ ಸ್ಮಶಾನದಲ್ಲಿ ಆಡಂಬರವಿಲ್ಲದೆ ಹೂಣಿ, ಸಾಧಾರಣವಾದ ಕಲ್ಲನ್ನು ನಿಲ್ಲಿಸಿದರು.

ಪ್ರಿಯ ಸಹೋದರ ಸಹೋದರಿಯರೇ, ಈ ಚರಿತ್ರೆಯಿಂದ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮೊದಲನೆಯದು, ನಿಮ್ಮ ಮಕ್ಕಳು ಶಾಸ್ತ್ರವನ್ನು ಕಲಿತರೆ ವಿಶ್ವಾಸವನ್ನು ಕಳೆದುಕೊಳ್ಳುವರೆಂದು ಹೆದರಬೇಡಿರಿ. ಕಮ್ಮಾರನ ಮಗನು ಎರಡನ್ನೂ ಎಪ್ಪತ್ತೈದನೆಯ ವಯಸ್ಸಿನ ತನಕ ಕಾಪಾಡಿಕೊಂಡನು. ಅವರು ಸುಳ್ಳನ್ನು ಕಲಿಯದಂತೆ ಮಾತ್ರ ನೋಡಿಕೊಳ್ಳಿರಿ, ಪೀಠದಿಂದ ಅವರಿಗೆ ಸುಳ್ಳನ್ನು ಹೇಳದಂತೆ ನಾವೂ ನೋಡಿಕೊಳ್ಳುತ್ತೇವೆ. ಎರಡನೆಯದು, ಅಲ್ಪವಾದದ್ದೆಂದು ಯಾವ ಕೆಲಸವನ್ನೂ ಅಸಡ್ಡೆಮಾಡಬೇಡಿರಿ. ತಟ್ಟೆಯ ಮೇಲಿನ ಬೊಗಸೆ ನೀರನ್ನು ಅವನು ನಂಬಿಗಸ್ತನಾಗಿ ನೋಡಿ ಬರೆದದ್ದು 170 ವರುಷಗಳಾದ ಮೇಲೆ, ಅವನು ಕನಸಿನಲ್ಲಿಯೂ ಎಣಿಸದ ಪ್ರಶ್ನೆಗಳಿಗೆ ಉಪಯೋಗವಾಯಿತು. ನಾವು ನಮ್ಮ ಹಳ್ಳಿಯಲ್ಲಿ, ನಮ್ಮ ಹೊಲದಲ್ಲಿ, ನಮ್ಮ ಚಿಕ್ಕ ಸಭೆಯಲ್ಲಿ ಸತ್ಯವಾಗಿ ಮಾಡುವದನ್ನು ಕರ್ತನು ಯಾವ ಕಾಲದಲ್ಲಿ ಯಾರಿಗೆ ಉಪಯೋಗಪಡಿಸುವನೋ ನಮಗೆ ತಿಳಿಯದು. ಕಂಡದ್ದನ್ನು ಕಂಡಂತೆ ಹೇಳುವ ನಾಲಿಗೆಯನ್ನೂ, ತಿದ್ದಲ್ಪಟ್ಟಾಗ ತಗ್ಗುವ ಮನಸ್ಸನ್ನೂ ಆತನು ನಮ್ಮೆಲ್ಲರಿಗೂ ದಯಪಾಲಿಸಲಿ.